ಮೇಣದ ತಟ್ಟೆಯ ಮೇಲೆ ಸ್ಕ್ವಿಡ್: ಒಂದು ಛೇದನ ಕಿಟ್‌ನ ವಿಮರ್ಶೆ

ಜೀವವಿಜ್ಞಾನದ ವಿದ್ಯಾರ್ಥಿಗಳಿಗೂ ಆಸಕ್ತರಿಗೂ ಎಂದು ಮಾರುವ, ಸ್ಕ್ವಿಡ್ ಎಂಬ ಮೃದುದೇಹದ ಕಡಲಜೀವಿಯ ಛೇದನ ಕಿಟ್ ಒಂದನ್ನು ಇತ್ತೀಚೆಗೆ ತರಿಸಿಕೊಂಡೆ. ಸಂರಕ್ಷಕ ದ್ರವದಲ್ಲಿಟ್ಟು ಮೊಹರು ಮಾಡಿದ ಎರಡು ಸ್ಕ್ವಿಡ್‌ಗಳು, ಮೇಣ ಹಾಸಿದ ತಟ್ಟೆ, ಕತ್ತರಿ, ಚಿಮಟ, ಗುಂಡುಸೂಜಿಗಳು, ಒಂದು ಭೂತಕನ್ನಡಿ, ತೆಳ್ಳನೆಯ ಕೈಪಿಡಿ ಹಾಗೂ ಸ್ಕ್ವಿಡ್ ಮತ್ತು ಅದರ ಬಳಗದ ಆಕ್ಟೋಪಸ್, ಕಟ್ಲ್‌ಫಿಶ್, ನಾಟಿಲಸ್‌ಗಳನ್ನು ಅಕ್ಕಪಕ್ಕದಲ್ಲಿ ಬಿಡಿಸಿದ ಗೋಡೆಪಟ ಪೆಟ್ಟಿಗೆಯಲ್ಲಿದ್ದವು. ಎರಡು ಸಂಜೆಗಳನ್ನು ಅದರೊಡನೆ ಕಳೆದ ಮೇಲೆ ನನಗನಿಸಿದ್ದು ಇಷ್ಟು: ಪ್ರಾಣಿಗಳು ಬಹಳ ಚೆನ್ನಾಗಿವೆ, ಉಪಕರಣಗಳು ಪರವಾಗಿಲ್ಲ, ಕೈಪಿಡಿಯನ್ನು ಮಾತ್ರ ತಟ್ಟೆಯಲ್ಲಿರುವುದರೊಂದಿಗೆ ಹೋಲಿಸಿ ನೋಡದೆ ನಂಬುವಂತಿಲ್ಲ.

ಛೇದನದ ಕ್ರಮವನ್ನು ಕೈಪಿಡಿ ಸರಿಯಾಗಿಯೇ ಹೇಳಿಕೊಡುತ್ತದೆ. ಕೊಳವೆಯಂಥ ಫನೆಲ್ ಇರುವ ಭಾಗ ಮೇಲೆ ಬರುವಂತೆ ಪ್ರಾಣಿಯನ್ನು ಮಲಗಿಸಿ, ಮ್ಯಾಂಟಲ್ ಎಂಬ ದಪ್ಪ ಸ್ನಾಯುವಿನ ಕವಚವನ್ನು ಅಂಚಿನಿಂದ ತುದಿಯವರೆಗೆ ಕತ್ತರಿಸಬೇಕು. ಕತ್ತರಿಯ ಮೊನೆಯನ್ನು ತುಸು ಮೇಲಕ್ಕೆತ್ತಿ ಹಿಡಿಯದಿದ್ದರೆ ಶಾಯಿಚೀಲ ಒಡೆದು ಮುಂದಿನದೆಲ್ಲ ಕಪ್ಪಾಗುತ್ತದೆ. ಮೊದಲನೆಯ ಸ್ಕ್ವಿಡ್‌ನಲ್ಲಿ ನನಗೆ ಆದದ್ದು ಅದೇ. ಎರಡನೆಯದನ್ನು ತೆರೆದಾಗ ಎಲ್ಲವೂ ಸ್ವಚ್ಛವಾಗಿ ಕಂಡಿತು: ಗರಿಗಳಂತೆ ಹರಡಿಕೊಂಡ ಎರಡು ಕಿವಿರುಗಳು, ಪ್ರತಿಯೊಂದರ ಬುಡದಲ್ಲಿ ರಕ್ತವನ್ನು ಆ ಕಿವಿರಿಗೆ ತಳ್ಳುವ ಒಂದೊಂದು ಪುಟ್ಟ ಹೃದಯ, ನಡುವೆ ದೇಹಕ್ಕೆಲ್ಲ ರಕ್ತ ಕಳಿಸುವ ಮೂರನೆಯ ಹೃದಯ. ಇಲ್ಲಿಯೇ ಕೈಪಿಡಿಯ ಮೊದಲ ತಪ್ಪೂ ಸಿಕ್ಕಿತು. ಚಿತ್ರದಲ್ಲಿ ಈ ಹೃದಯಗಳಿಗೂ ರಕ್ತನಾಳಗಳಿಗೂ ಕೆಂಪು ಬಣ್ಣ ಬಳಿದಿದ್ದಾರೆ. ಸ್ಕ್ವಿಡ್‌ನ ರಕ್ತದಲ್ಲಿ ಆಮ್ಲಜನಕವನ್ನು ಒಯ್ಯುವುದು ಕಬ್ಬಿಣವಿರುವ ಹಿಮೋಗ್ಲೋಬಿನ್ ಅಲ್ಲ, ತಾಮ್ರವಿರುವ ಹಿಮೋಸಯನಿನ್. ಆಮ್ಲಜನಕ ಸೇರಿದಾಗ ಅದು ನೀಲಿಯಾಗುತ್ತದೆ. ಮನುಷ್ಯನ ದೇಹದ ಚಿತ್ರಕ್ಕೆ ಬಳಿಯುವ ಬಣ್ಣವನ್ನೇ ಯಾರೋ ಅಭ್ಯಾಸಬಲದಿಂದ ಇಲ್ಲಿಗೂ ಬಳಿದಂತಿದೆ.

ಚಿಮಟದಿಂದ ಬೆನ್ನಿನ ಕಡೆಯ ಪಾರದರ್ಶಕವಾದ ಗರಿಯಾಕಾರದ ಪಟ್ಟಿಯನ್ನು ಹಿಡಿದೆಳೆದಾಗ ಅದು ಒಂದಿಷ್ಟೂ ಮುರಿಯದೆ ಇಡಿಯಾಗಿ ಹೊರಬಂದ ಗಳಿಗೆ ಈ ಕಿಟ್‌ನ ಅತ್ಯುತ್ತಮ ಗಳಿಗೆ. ಇದು ಪೂರ್ವಜರ ಚಿಪ್ಪಿನ ಉಳಿಕೆ ಎಂಬ ಮಾಹಿತಿಯನ್ನು ಕೈಪಿಡಿ ಚೆನ್ನಾಗಿ ವಿವರಿಸಿದೆ. ತೋಳುಗಳ ನಡುವಿನಿಂದ ಬಾಯಿಯನ್ನು ಒತ್ತಿದರೆ ಗಿಣಿಯ ಕೊಕ್ಕಿನಂಥ ಎರಡು ಗಟ್ಟಿ ಭಾಗಗಳು ಹೊರಗೆ ಬರುತ್ತವೆ. ಗಿಣಿಗೆ ಮೇಲಿನ ಕೊಕ್ಕು ಕೆಳಗಿನದರ ಮೇಲೆ ಬಾಗಿದ್ದರೆ, ಸ್ಕ್ವಿಡ್‌ನಲ್ಲಿ ಕೆಳಗಿನದೇ ಮೇಲಿನದನ್ನು ಹೊರಗಿನಿಂದ ಆವರಿಸುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗುವ ಅನ್ನನಾಳ ಮಿದುಳಿನ ನಡುವಿನಿಂದಲೇ ಹಾದುಹೋಗುತ್ತದೆ. ಇಂಥ ದೇಹರಚನೆಯ ಪ್ರಾಣಿಗೆ ನುಂಗುವ ಮುನ್ನ ಕೊಕ್ಕಿನಿಂದ ಆಹಾರವನ್ನು ಚೂರು ಮಾಡಿಕೊಳ್ಳುವುದು ಅನಿವಾರ್ಯ.

ಭೂತಕನ್ನಡಿ ಅಗ್ಗದ್ದಾದರೂ ಕೆಲಸಕ್ಕೆ ಬರುತ್ತದೆ. ತೋಳಿನ ಮೇಲಿನ ಹೀರುಬಟ್ಟಲಿನ ಒಳಗೆ ಹಲ್ಲುಗಳಿರುವ ಗಟ್ಟಿ ಉಂಗುರ ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಗೋಡೆಪಟದಲ್ಲಿ ಇದೇ ಉಂಗುರವನ್ನು ಆಕ್ಟೋಪಸ್‌ಗೂ ಬಿಡಿಸಿರುವುದು ತಪ್ಪು. ಆಕ್ಟೋಪಸ್‌ನ ಹೀರುಬಟ್ಟಲಿಗೆ ಅಂಥ ಉಂಗುರವೂ ಇಲ್ಲ, ತೊಟ್ಟೂ ಇಲ್ಲ. ಸ್ಕ್ವಿಡ್‌ನ ಎಂಟು ತೋಳುಗಳನ್ನೂ ಬೇಟೆಗೆ ಚಾಚುವ ಎರಡು ಉದ್ದನೆಯ ಟೆಂಟಕಲ್‌ಗಳನ್ನೂ ಒಟ್ಟುಗೂಡಿಸಿ 'ಹತ್ತು ಟೆಂಟಕಲ್‌ಗಳು' ಎಂದು ಬರೆದಿದ್ದಾರೆ, ಟೆಂಟಕಲ್‌ಗಳೇ ಇಲ್ಲದ ಆಕ್ಟೋಪಸ್‌ಗೆ ಎಂಟನ್ನು ದಯಪಾಲಿಸಿದ್ದಾರೆ. ನಾಟಿಲಸ್‌ಗೆ ಶಾಯಿಚೀಲವನ್ನು ಜೋಡಿಸಿರುವುದು ಇನ್ನೊಂದು ಎಡವಟ್ಟು.

ನನಗೆ ಅತಿ ಹೆಚ್ಚು ಬೇಸರ ತಂದದ್ದು ತಪ್ಪಲ್ಲ, ಒಂದು ಕೊರತೆ. ಮ್ಯಾಂಟಲ್‌ನ ಒಳಗೋಡೆಯಲ್ಲಿ ಮುಂಭಾಗದ ಎರಡೂ ಕಡೆ ನಕ್ಷತ್ರದಂತೆ ನರಗಳು ಚಿಮ್ಮಿದ ಗಂಟೊಂದು ಬರಿಗಣ್ಣಿಗೇ ಕಾಣುತ್ತದೆ. ಕೈಪಿಡಿ ಅದಕ್ಕೆ ಒಂದು ಬಾಣದ ಗುರುತು ಹಾಕಿ 'ನರಗ್ರಂಥಿ' ಎಂದು ಬರೆದು ಮುಂದೆ ಹೋಗುತ್ತದೆ. ಅಲ್ಲಿಂದ ಹೊರಡುವ ದೈತ್ಯ ನರತಂತುಗಳು ಸುಮಾರು ಅರ್ಧ ಮಿಲಿಮೀಟರ್, ಕೆಲವೊಮ್ಮೆ ಒಂದು ಮಿಲಿಮೀಟರ್‌ವರೆಗೂ ದಪ್ಪವಿರುತ್ತವೆ. ತಂತು ದಪ್ಪವಾದಷ್ಟೂ ಸಂಕೇತ ವೇಗವಾಗಿ ಸಾಗುತ್ತದೆ. ಮ್ಯಾಂಟಲ್‌ನ ದೂರದ ಭಾಗಕ್ಕೆ ಹೋಗುವ ತಂತುಗಳು ಹತ್ತಿರದವಕ್ಕಿಂತ ದಪ್ಪಗಿರುವುದರಿಂದ ಇಡೀ ಕವಚ ಒಂದೇ ಸಲಕ್ಕೆ ಕುಗ್ಗಿ, ಫನೆಲ್‌ನಿಂದ ನೀರು ಚಿಮ್ಮಿ, ಪ್ರಾಣಿ ಬಾಣದಂತೆ ಹಿಂದಕ್ಕೆ ಜಿಗಿಯುತ್ತದೆ. ಒಳಗೆ ಎಲೆಕ್ಟ್ರೋಡ್ ತೂರಿಸುವಷ್ಟು ದಪ್ಪವಾದ ಈ ತಂತುಗಳ ಮೇಲೆಯೇ ವಿಜ್ಞಾನಿಗಳಾದ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್ಲಿ ಪ್ರಯೋಗ ನಡೆಸಿ, ನರಸಂಕೇತ ಹೇಗೆ ಹುಟ್ಟಿ ಸಾಗುತ್ತದೆ ಎಂಬುದನ್ನು 1952ರಲ್ಲಿ ಗಣಿತದ ಸಮೀಕರಣಗಳಲ್ಲಿ ಕಟ್ಟಿಕೊಟ್ಟರು ಹಾಗೂ 1963ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ನಮ್ಮ ನರಗಳ ಬಗ್ಗೆ ನಮಗಿರುವ ಮೂಲ ತಿಳಿವಳಿಕೆ ಬಂದದ್ದು ಈ ತಟ್ಟೆಯಲ್ಲಿ ಮಲಗಿರುವ ಜೀವಿಯಿಂದ ಎಂದು ಒಂದು ಸಾಲು ಬರೆಯಲು ಕೈಪಿಡಿಯಲ್ಲಿ ಜಾಗವಿರಲಿಲ್ಲ, ಆದರೆ ಬಣ್ಣ ತುಂಬುವ ಚಿತ್ರಕ್ಕೆ ಎರಡು ಪುಟ ಸಿಕ್ಕಿವೆ.

ಕೊನೆಯಲ್ಲಿರುವ 'ವರ್ತನೆ' ಎಂಬ ಅಧ್ಯಾಯ ಇನ್ನೂ ದುರ್ಬಲವಾಗಿದೆ. ಆಕ್ಟೋಪಸ್‌ಗೆ ತಲೆಯಲ್ಲೊಂದು, ತೋಳಿಗೊಂದರಂತೆ ಎಂಟು, ಒಟ್ಟು ಒಂಬತ್ತು ಮಿದುಳುಗಳಿವೆ ಎಂಬ ಜನಪ್ರಿಯ ಮಾತನ್ನು ಅದು ಪುನರುಚ್ಚರಿಸುತ್ತದೆ. ವಾಸ್ತವದಲ್ಲಿ ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಎರಡು ಭಾಗ ತೋಳುಗಳಲ್ಲಿ ಹರಡಿಕೊಂಡಿದ್ದು, ತೋಳು ಎಷ್ಟೋ ಚಲನೆಗಳನ್ನು ತನ್ನಷ್ಟಕ್ಕೆ ನಿಭಾಯಿಸುತ್ತದೆ. ಅದನ್ನು ಎಂಟು ಮಿದುಳುಗಳೆಂದು ಎಣಿಸಿದರೆ ವಿಷಯ ಸರಳವಾಗುವ ಬದಲು ಕೆಡುತ್ತದೆ. ಮೊಟ್ಟೆಯಿಟ್ಟ ತಾಯಿ ಆಕ್ಟೋಪಸ್ ಆಹಾರ ಬಿಟ್ಟು ಸಾಯುವುದನ್ನು 'ತಾಯಿಯ ತ್ಯಾಗ' ಎಂದು ಭಾವುಕವಾಗಿ ಬಣ್ಣಿಸಿದ್ದಾರೆ. 1977ರಲ್ಲಿ ವಿಜ್ಞಾನಿ ಜೆರೋಮ್ ವೊಡಿನ್ಸ್ಕಿ ಅಂಥ ತಾಯಿಯರ ಕಣ್ಣುಗಳ ನಡುವಿನ ಆಪ್ಟಿಕ್ ಗ್ರಂಥಿಗಳನ್ನು ತೆಗೆದಾಗ ಅವು ಮೊಟ್ಟೆಗಳನ್ನು ಬಿಟ್ಟು ಮತ್ತೆ ತಿನ್ನತೊಡಗಿದವು, ಹೆಚ್ಚು ಕಾಲ ಬದುಕಿದವು. ಗ್ರಂಥಿಯ ಆಜ್ಞೆ ಅಷ್ಟು ಬಿಗಿಯಾದದ್ದು ಎಂಬ ಸಂಗತಿ ಭಾವುಕತೆಗಿಂತ ಹೆಚ್ಚು ಬೆರಗು ಹುಟ್ಟಿಸುವಂಥದ್ದು.

ಇನ್ನೊಂದು ಮಿತಿಗೆ ತಯಾರಕರನ್ನು ದೂರುವಂತಿಲ್ಲ. ಚರ್ಮದ ಮೇಲೆ ಕಂದುಗೆಂಪು ಚುಕ್ಕೆಗಳಾಗಿ ಉಳಿದಿರುವ ವರ್ಣಕೋಶಗಳು ಜೀವಂತ ಸ್ಕ್ವಿಡ್‌ನಲ್ಲಿ ಸುತ್ತಲಿನ ಪುಟ್ಟ ಸ್ನಾಯುಗಳ ಎಳೆತಕ್ಕೆ ಹಿಗ್ಗುತ್ತ ಕುಗ್ಗುತ್ತ ಇರುತ್ತವೆ. ಆ ಸ್ನಾಯುಗಳಿಗೆ ಮಿದುಳಿನಿಂದ ನೇರವಾಗಿ ನರಗಳು ಬರುವುದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣ ಬದಲಾಗುತ್ತದೆ. ಸಂರಕ್ಷಕ ದ್ರವ ಅದನ್ನೆಲ್ಲ ನಿಲ್ಲಿಸಿದೆ, ಕಣ್ಣಿನ ಮಸೂರವನ್ನೂ ಸೀಮೆಸುಣ್ಣದಂತೆ ಬೆಳ್ಳಗಾಗಿಸಿದೆ. ಪೆಟ್ಟಿಗೆ ತೆರೆಯುವ ಮೊದಲು ಈಜುವ ಸ್ಕ್ವಿಡ್‌ನ ಒಂದೆರಡು ವಿಡಿಯೊಗಳನ್ನು ನೋಡಿಕೊಂಡರೆ ಆ ಚುಕ್ಕೆಗಳ ಅರ್ಥ ಹೊಳೆಯುತ್ತದೆ.

ಕೊಳ್ಳುವವರು ಗಮನಿಸಬೇಕಾದ ಕೆಲವು ಮಾತುಗಳಿವೆ. ಕೈಗವಸುಗಳನ್ನು ಕೊಟ್ಟಿಲ್ಲ, ವಾಸನೆ ಕಟುವಾಗಿದೆ, ಕಿಟಕಿ ತೆರೆದಿಡುವುದು ಅಗತ್ಯ. ಹೆಣ್ಣೊಂದು ಗಂಡೊಂದು ಕಳುಹಿಸಿ ಎಂದು ಮೊದಲೇ ಕೇಳಿಕೊಳ್ಳಿ. ನನಗೆ ಬಂದ ಎರಡೂ ಹೆಣ್ಣುಗಳಾಗಿದ್ದವು. ಮೊಟ್ಟೆಗೆ ಲೋಳೆಯ ಹೊದಿಕೆ ಸ್ರವಿಸುವ ದೊಡ್ಡ ಬಿಳಿ ಗ್ರಂಥಿಗಳನ್ನು ಎರಡು ಸಲ ನೋಡಿದೆ, ವೀರ್ಯದ ಪೊಟ್ಟಣಗಳನ್ನು ದಾಟಿಸಲೆಂದು ಮಾರ್ಪಟ್ಟಿರುವ ಗಂಡಿನ ತೋಳನ್ನು ನೋಡಲಾಗಲಿಲ್ಲ. ಗೋಡೆಪಟವನ್ನು ತಿದ್ದುಪಡಿಗಳನ್ನು ಗುರುತಿಸಿ ಮಾರಾಟಗಾರರಿಗೆ ಹಿಂದಿರುಗಿಸಿದ್ದೇನೆ.