ಒಂದು ಮಳೆಗಾಲ ಬಳಸಿದ ಮೇಲೆ: ನನ್ನ ಸ್ಟೂಡೆಂಟ್ ಮೈಕ್ರೋಸ್ಕೋಪ್

ಹೋದ ಮೇ ತಿಂಗಳಲ್ಲಿ ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯೊಂದರಿಂದ ಇದನ್ನು ತಂದೆ. ಒಂದೇ ಕಣ್ಣಿಟ್ಟು ನೋಡುವ ಸಾದಾ ಮಾದರಿ. ಮೇಲೆ 10ರ ಲೆನ್ಸ್, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು, ಕೆಳಗೆ 4, 10, 40ರ ಮೂರು. ಬೆಳಕಿಗೆ ಬುಡದಲ್ಲೊಂದು ಕನ್ನಡಿ.

ನಮ್ಮದು ಹೊಸನಗರದ ಕಡೆ ಅಡಿಕೆ ತೋಟ. ಕೃಷಿ ಹೊಂಡದಲ್ಲಿ ಮೀನುಮರಿ ಬಿಟ್ಟಿದ್ದೇವೆ. ಮರಿಗಳಿಗೆ ನೀರುಚಿಗಟ, ಅಂದರೆ ಡಾಫ್ನಿಯಾ, ಒಳ್ಳೆಯ ಆಹಾರ. ಸಿಗಡಿ, ಏಡಿಗಳ ಬಳಗದ ಪುಟ್ಟ ಜೀವಿ ಅದು. ಒಂದು ದಿನ ಟೀ ಸೋಸುವ ಜರಡಿಯಲ್ಲಿ ಹಿಡಿದಾಗ ನಾಲ್ಕೈದು ಮಾತ್ರ ಹಾಲು ತುಂಬಿದ ಹಾಗೆ ಬೆಳ್ಳಗಿದ್ದವು. ಸಹ್ಯಾದ್ರಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ಮಗಳಿಗೆ ಫೋನ್ ಮಾಡಿದೆ. "ಅಪ್ಪಯ್ಯ, ಒಂದನ್ನ ಸ್ಲೈಡ್ ಮೇಲೆ ಅರೆದು ನೋಡು" ಅಂದಳು. ಮೈಕ್ರೋಸ್ಕೋಪ್ ಮನೆಗೆ ಬಂದಿದ್ದು ಹಾಗೆ.

ಮೊದಲು 10ರ ಲೆನ್ಸಿನಲ್ಲಿ ಆರೋಗ್ಯದ ನೀರುಚಿಗಟ ನೋಡಿದೆ. ಮೈ ಗಾಜಿನ ಹಾಗೆ. ಬೆನ್ನಿನ ಹತ್ತಿರ ಹೃದಯ ಪಟಪಟ ಹೊಡೆದುಕೊಳ್ಳುತ್ತಿತ್ತು. ಕರುಳಿನಲ್ಲಿ ತಿಂದ ಪಾಚಿಯ ಹಸಿರು, ಬೆನ್ನ ಚೀಲದಲ್ಲಿ ಮೊಟ್ಟೆ. ಕಾಫಿ ಆರಿದ್ದೂ ಗೊತ್ತಾಗಲಿಲ್ಲ. ಬೆಳ್ಳಗಿದ್ದದ್ದರ ಒಳಗೆ ಇದ್ಯಾವುದೂ ಕಾಣಲಿಲ್ಲ, ಬರೀ ಮಬ್ಬು. ಅದನ್ನು ಕವರ್ ಸ್ಲಿಪ್ ಅನ್ನುವ ತೆಳು ಗಾಜಿನ ಚೂರಿನ ಕೆಳಗೆ ಅರೆದು 40ಕ್ಕೆ ತಿರುಗಿಸಿದೆ. ನುಚ್ಚಕ್ಕಿ ಚೆಲ್ಲಿದ ಹಾಗೆ ಸಾವಿರಾರು ಕಾಳು! ಎಲ್ಲ ಮೊಟ್ಟೆಯಾಕಾರ, ಎಲ್ಲ ಒಂದೇ ಅಳತೆ, ಹೊಳಪು.

ಮೊಬೈಲಿನಲ್ಲಿ ಫೋಟೋ ಕಳಿಸಿದೆ. ಮೈಕ್ರೋಸ್ಪೊರಿಡಿಯಾದ ಬೀಜಾಣು ಅಂತ ಮಗಳು ಹೇಳಿದಳು. ಒಂದೇ ಕೋಶದ ಪರಾವಲಂಬಿ ಇದು. ಬೇರೆ ಜೀವಿಯ ಕೋಶದೊಳಗೆ ಬಿಟ್ಟರೆ ಎಲ್ಲೂ ಬೆಳೆಯುವುದಿಲ್ಲ. ಬೀಜಾಣುವಿನೊಳಗೆ ಸುರುಳಿ ಸುತ್ತಿದ ನಳಿಕೆ ಇರುತ್ತದೆ. ಅದು ಚಿಮ್ಮಿ ಹೊರಬಂದು ಕೋಶವನ್ನು ಚುಚ್ಚುತ್ತದೆ. ಒಳಗಿನ ಸತ್ವವೆಲ್ಲ ಆ ನಳಿಕೆಯಲ್ಲೇ ಹರಿದು ಕೋಶಕ್ಕೆ ಇಳಿಯುತ್ತದೆ. ರೇಷ್ಮೆಹುಳಕ್ಕೆ ಗಂಟುರೋಗ ತರುವ ನೊಸೆಮಾ ಕೂಡ ಇದೇ ಬಳಗದ್ದು. ರೇಷ್ಮೆಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯನ್ನು ಅರೆದು ನೋಡುತ್ತಾರಲ್ವಾ, ನಾನು ಮಾಡಿದ್ದೂ ಅದೇ ಕೆಲಸ. ಸುರುಳಿ ಮಾತ್ರ ಇದರಲ್ಲಿ ಕಾಣುವುದಿಲ್ಲ, ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಉದ್ದದ ಕಾಳನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ್ದಕ್ಕೇ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

ತೊಂದರೆ ಇಲ್ಲ ಅಂತಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಕನ್ನಡಿ ಸುಮ್ನೆ ದಂಡ. ಮಧ್ಯಾಹ್ನವೂ ಬೆಳಕಿಲ್ಲ, ಕರೆಂಟೂ ಇಲ್ಲ. ಈಗ ಚಾರ್ಜ್ ಮಾಡುವ ಟಾರ್ಚಿಗೆ ಬಟರ್ ಪೇಪರ್ ಕಟ್ಟಿ ಕೆಳಗಿಡುತ್ತೇನೆ. ಫೋಕಸ್ ತಿರುಪು ಸ್ವಲ್ಪ ಸಡಿಲ, ನೋಡ್ತಾ ನೋಡ್ತಾ ಜಾರುತ್ತದೆ. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಬೂಷ್ಟು. ಆಗಸ್ಟ್ ಹೊತ್ತಿಗೆ 40ರ ಲೆನ್ಸ್ ಅಂಚಿನಲ್ಲಿ ಜೇಡನ ಬಲೆಯಂಥ ಎಳೆ ಕಂಡಿತು. ಮೆತ್ತಗೆ ಒರೆಸಿ, ಲೆನ್ಸುಗಳನ್ನು ಬಿಚ್ಚಿ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟೆ. ಪೊಟ್ಟಣ ತೇವ ಹಿಡಿದಾಗ ಬಚ್ಚಲ ಒಲೆ ಪಕ್ಕ ಒಣಗಿಸುತ್ತೇನೆ. ಆಮೇಲೆ ಬೂಷ್ಟು ಬಂದಿಲ್ಲ.

ಘಟ್ಟದ ಮೇಲಿನವರು ಕೊಳ್ಳುವುದಾದರೆ ಎಲ್‌ಇಡಿ ಇರುವ ಮಾದರಿಯನ್ನೇ ಕೇಳಿ. ಎಣ್ಣೆ ಹಾಕಿ ನೋಡುವ 100ರ ಲೆನ್ಸಿಗೆ ಜಾಸ್ತಿ ದುಡ್ಡು ಕೊಡಬೇಡಿ, ಹೊಂಡದ ನೀರಿಗೆ 40 ಸಾಕು. ಹೋಗುವಾಗ ಒಂದು ಈರುಳ್ಳಿ ಒಯ್ಯಿರಿ. ಅದರ ತೆಳು ಪೊರೆಯನ್ನು ಅಂಗಡಿಯಲ್ಲೇ 40ರಲ್ಲಿ ಇಟ್ಟು ನೋಡಿ, ಕೋಶದ ಗೆರೆಗಳು ಚೂಪಾಗಿ ಕಂಡರೆ ಮಾತ್ರ ತನ್ನಿ.