ಮುಂಬೈ ಫೋರ್ಟಿನ ಗ್ರೀಕ್ ಹಬ್ಬ-ಆಟದ ಕ್ಲಾಸ್: 500 ರೂಪಾಯಿ ದಂಡವಲ್ಲ

ಪಾಠ ಚೆನ್ನಾಗಿದೆ, ಕುರ್ಚಿ ಚೆನ್ನಾಗಿಲ್ಲ. ಹಳೇ ಗ್ರೀಸಿನ ದೇವರು, ಹಬ್ಬ, ಆಟಗಳ ಬಗ್ಗೆ ಶನಿವಾರ ಮಧ್ಯಾಹ್ನ ನಡೆಯುವ ಎರಡು ಗಂಟೆಯ ಕ್ಲಾಸ್ ಇದು. ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ನಾನು ಡೊಂಬಿವಲಿಯಲ್ಲಿ ಪಿಟಿ ಟೀಚರ್. ಜೊತೆಗೆ ನಮ್ಮ ಬಿಲ್ಡಿಂಗಿನ ಶೆಟ್ರು ಬಂದಿದ್ದರು, ಕ್ಯಾಂಟೀನ್ ನಡೆಸುವವರು.

ಹೇಳುವವರು ಇಂಗ್ಲಿಷಿಗೆ ಹಿಂದಿ, ಮರಾಠಿ ಬೆರೆಸಿ ಸಲೀಸಾಗಿ ಹೇಳುತ್ತಾರೆ. ಕ್ರಿ.ಪೂ. 776ರಲ್ಲಿ ಗ್ರೀಸಿನ ಒಲಿಂಪಿಯಾದಲ್ಲಿ ನಡೆದ, ದಾಖಲೆಯಲ್ಲಿರುವ ಮೊದಲ ಒಲಿಂಪಿಕ್ಸ್, ಸುಮಾರು 192 ಮೀಟರ್ ಓಟ, ಗೆದ್ದವನು ಕೊರೊಯ್ಬೊಸ್, ಅವನು ಅಡುಗೆಯವನಂತೆ. "ನೋಡಿ ಟೀಚರೇ, ಫಸ್ಟ್ ಪ್ರೈಜ್ ನಮ್ಮ ಹೋಟೆಲ್ ಲೈನಿನವನಿಗೇ!" ಅಂದರು ಶೆಟ್ರು. ಹಿಂದಿನ ಸಾಲಿನವರೂ ನಕ್ಕರು.

ಆಮೇಲೆ ನೇರ ಪೂಜೆಯ ವಿಷಯ. ಆ ಆಟಗಳು ಜಿಯಸ್ ದೇವರ ಜಾತ್ರೆಯ ಒಂದು ಭಾಗ ಅಷ್ಟೆ. ನಡುವಿನ ದಿನ 100 ಎತ್ತುಗಳ ಬಲಿ. ಬಲಿಪೀಠ ಕಲ್ಲಿನದಲ್ಲ, ಸುಟ್ಟ ತೊಡೆಗಳ ಬೂದಿಯದ್ದು. ವರ್ಷಕ್ಕೊಮ್ಮೆ ಆಲ್ಫಿಯೊಸ್ ನದಿಯ ನೀರಲ್ಲಿ ಬೂದಿ ಕಲಸಿ ಅದಕ್ಕೆ ಮೆತ್ತುತ್ತಿದ್ದರು. 22 ಅಡಿ ಎತ್ತರ ಇತ್ತು ಅಂತ ಹಳೇ ಕಾಲದ ಗ್ರೀಕ್ ಪ್ರವಾಸಿ ಲೇಖಕ ಪೌಸೇನಿಯಸ್ ಬರೆದಿಟ್ಟಿದ್ದಾನೆ.

ನನಗೆ ಜಾಸ್ತಿ ಹಿಡಿಸಿದ್ದು ಆಣೆಯ ಕತೆ. ಎರಡೂ ಕೈಯಲ್ಲಿ ಸಿಡಿಲು ಹಿಡಿದ ಜಿಯಸ್ ಮೂರ್ತಿಯ ಮುಂದೆ, ಹಂದಿ ಮಾಂಸದ ತುಂಡುಗಳ ಮೇಲೆ, ಮೋಸ ಮಾಡಲ್ಲ ಅಂತ ಆಣೆ ಇಡಬೇಕು. ಆಟಗಾರ ಒಬ್ಬನೇ ಅಲ್ಲ. ಅಪ್ಪ, ಅಣ್ಣತಮ್ಮಂದಿರು, ಕೋಚ್ ಎಲ್ಲರೂ. ಇಂಟರ್‌ಸ್ಕೂಲ್ ಪಂದ್ಯದಲ್ಲಿ ಅಂಪೈರ್ ಮೇಲೆ ಏರಿ ಹೋಗುವ ಅಪ್ಪಂದಿರನ್ನು ಕಂಡವರಿಗೆ ಈ ನಿಯಮದ ಬೆಲೆ ಗೊತ್ತಾಗುತ್ತದೆ, ಅಲ್ವಾ? ಆದರೂ ಮೋಸ ನಿಂತಿರಲಿಲ್ಲ ಬಿಡಿ. ಕ್ರಿ.ಪೂ. 388ರಲ್ಲಿ ಯುಪೊಲೊಸ್ ಅನ್ನುವ ಬಾಕ್ಸರ್ ಮೂವರು ಎದುರಾಳಿಗಳಿಗೆ ಲಂಚ ಕೊಟ್ಟು ಸಿಕ್ಕಿಬಿದ್ದ. ತಿಂದವರಿಗೂ ದಂಡ ಬಿತ್ತು. ಆ ದುಡ್ಡಲ್ಲಿ ಜಿಯಸ್‌ನ 6 ಕಂಚಿನ ಮೂರ್ತಿ ಮಾಡಿಸಿ, ಮೈದಾನಕ್ಕೆ ಹೋಗುವ ದಾರಿಯಲ್ಲೇ ನಿಲ್ಲಿಸಿದರು. ಇದನ್ನು ಸೋಮವಾರದ ಅಸೆಂಬ್ಲಿಯಲ್ಲೇ ಮಕ್ಕಳಿಗೆ ಹೇಳಿದೆ.

ನನ್ನ ತಕರಾರು ಹುಡುಗಿಯರ ಓಟದ್ದು. ಅದೇ ಒಲಿಂಪಿಯಾ ಮೈದಾನದಲ್ಲಿ, ಹೇರಾ ದೇವಿಯ ಹಬ್ಬಕ್ಕೆ, ಹುಡುಗಿಯರು ಕೂದಲು ಬಿಚ್ಚಿಕೊಂಡು ಓಡುತ್ತಿದ್ದರು. ಚಿಕ್ಕವರು ಮೊದಲು, ದೊಡ್ಡವರು ಕೊನೆಗೆ. ಗಂಡಸರ ಓಟಕ್ಕಿಂತ ದೂರದಲ್ಲಿ ಸುಮಾರು ಆರನೇ ಒಂದು ಭಾಗ ಕಡಿಮೆ. ಗೆದ್ದವಳಿಗೆ ಆಲಿವ್ ಕಿರೀಟ, ಬಲಿ ಕೊಟ್ಟ ಹಸುವಿನಲ್ಲಿ ಪಾಲು. ಇದಕ್ಕೆ ಒಂದೇ ಒಂದು ಸ್ಲೈಡ್! ಅರ್ಧ ವಿಷಯ ನಾನು ಕೈ ಎತ್ತಿ ಕೇಳಿದ ಮೇಲೆ ಬಂದಿದ್ದು. ಕುಸ್ತಿಗೆ ಮಾತ್ರ ಬೇಕಾದಷ್ಟು ಹೊತ್ತು ಇತ್ತು.

ಉಳಿದಂತೆ, ಎಸಿ ಸುಮ್ನೆ ಸದ್ದು ಮಾಡುತ್ತದೆ, ತಂಪಿಲ್ಲ. ಕೊಟ್ಟ ಜೆರಾಕ್ಸ್‌ನಲ್ಲಿ ಚಿತ್ರಗಳೆಲ್ಲ ಕಪ್ಪು ಮಸಿ. ಚಹಾದ ಬಗ್ಗೆ ಶೆಟ್ರು ಹೇಳಿದ್ದನ್ನು ಇಲ್ಲಿ ಬರೆಯೋ ಹಾಗಿಲ್ಲ. ಬಲಿಯ ಚಿತ್ರಗಳಿರುವುದರಿಂದ ತೀರಾ ಚಿಕ್ಕ ಮಕ್ಕಳು ಬೇಡ. ಹೈಸ್ಕೂಲಿನವರನ್ನು ಧಾರಾಳವಾಗಿ ಕರೆದುಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಕೂರಿಸಿ. ಮೈಕ್ ಹಿಂದಿನವರೆಗೆ ಕೇಳಲ್ಲ.