ನಿಯೊವಿಮ್‌ನ ಡಿಫಾಲ್ಟ್ ಮೌಸ್: ಮೂರು ಅಕ್ಷರಗಳಲ್ಲಿ ಎರಡು ಸರಿ

2022ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ನಿಯೊವಿಮ್ 0.8ರಿಂದ ಈಚೆಗೆ, ಬಳಕೆದಾರರು ಯಾವ ಸೆಟ್ಟಿಂಗನ್ನೂ ಬರೆಯದಿದ್ದರೂ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್‌ಗಳನ್ನು ಟೈಪ್ ಮಾಡುವ ವಿಂಡೋದಲ್ಲಿ, ಓಡುವ ಈ ಪಠ್ಯ ಎಡಿಟರ್ ಮೌಸನ್ನು ಚಾಲೂ ಮಾಡಿಕೊಂಡೇ ತೆರೆಯುತ್ತದೆ. ಅದರ ಡಿಫಾಲ್ಟ್ ಮೌಲ್ಯ ‘ಎನ್‌ವಿಐ’. ನಾರ್ಮಲ್ (ಕೀಗಳೇ ಆದೇಶಗಳಾಗುವ), ವಿಷುಯಲ್ (ಪಠ್ಯವನ್ನು ಆಯ್ಕೆ ಮಾಡುವ), ಇನ್ಸರ್ಟ್ (ಪಠ್ಯ ಟೈಪ್ ಮಾಡುವ) ಈ ಮೂರು ಮೋಡ್‌ಗಳಲ್ಲಿ ಮೌಸ್ ಎಡಿಟರ್‌ನ ವಶದಲ್ಲಿರುತ್ತದೆ, ಕಮಾಂಡ್ ಸಾಲಿಗೆ ಹೋದಾಗ ಟರ್ಮಿನಲ್‌ಗೆ ಮರಳುತ್ತದೆ ಎಂಬುದು ಇದರ ಅರ್ಥ. ದಿನವಿಡೀ ಈ ಎಡಿಟರ್‌ನಲ್ಲೇ ಕೆಲಸ ಮಾಡುವ ನಾನು ಈ ಆಯ್ಕೆಯನ್ನು ಬಹುಮಟ್ಟಿಗೆ ಮೆಚ್ಚುತ್ತೇನೆ. ಒಂದು ಅಕ್ಷರದ ಬಗ್ಗೆ ಮಾತ್ರ ನನ್ನ ತಕರಾರಿದೆ.

ಟರ್ಮಿನಲ್‌ನಲ್ಲಿ ಮೌಸ್ ಏಕಕಾಲಕ್ಕೆ ಇಬ್ಬರ ಕೈಯಲ್ಲಿ ಇರಲಾರದು ಎಂಬುದೇ ಈ ವಿಷಯದ ತಿರುಳು. ಎಡಿಟರ್ ಮೌಸನ್ನು ಕೇಳಿದ ಕ್ಷಣದಿಂದ ಟರ್ಮಿನಲ್ ಪ್ರತಿಯೊಂದು ಕ್ಲಿಕ್ಕನ್ನೂ, ಅದು ಬಿದ್ದ ಸಾಲು ಮತ್ತು ಕಾಲಂ ಸಂಖ್ಯೆಯೊಂದಿಗೆ, ಒಂದು ಎಸ್ಕೇಪ್ ಸಂಕೇತವಾಗಿಸಿ ಎಡಿಟರ್‌ಗೆ ಕಳಿಸತೊಡಗುತ್ತದೆ. ಅಲ್ಲಿಯವರೆಗೆ ತಾನೇ ಮಾಡುತ್ತಿದ್ದ ಸೆಲೆಕ್ಟ್, ಕಾಪಿ, ಪೇಸ್ಟ್ ಕೆಲಸಗಳನ್ನು ಬಿಟ್ಟುಕೊಡುತ್ತದೆ. ನಿಯೊವಿಮ್‌ಗೆ ಮೂಲವಾದ ವಿಮ್ ಎಡಿಟರ್‌ನ 2016ರಲ್ಲಿ ಬಂದ 8.0 ಆವೃತ್ತಿ, ಬಳಕೆದಾರರ ಸೆಟ್ಟಿಂಗ್‌ಗಳಿರುವ ವಿಮ್‌ಆರ್‌ಸಿ ಫೈಲ್ ಇಲ್ಲದ ಕಡೆಯಲ್ಲಿ ಮೌಸನ್ನು ‘ಎ’ ಎಂದು, ಅಂದರೆ ಎಲ್ಲ ಮೋಡ್‌ಗಳಿಗೂ, ಚಾಲೂ ಮಾಡಿಟ್ಟಿತ್ತು. ಹೊಸ ಸರ್ವರ್‌ಗೆ ಲಾಗಿನ್ ಆಗಿ, ಪುಟಿ ಎಂಬ ಟರ್ಮಿನಲ್ ತಂತ್ರಾಂಶದಲ್ಲಿ ರೂಢಿಯಂತೆ ರೈಟ್ ಕ್ಲಿಕ್ ಮಾಡಿ ಪೇಸ್ಟ್ ಮಾಡಲು ಹೋದವರ ಮುಂದೆ ಪಠ್ಯ ಬೀಳುವ ಬದಲು ವಿಷುಯಲ್ ಮೋಡ್ ತೆರೆದುಕೊಳ್ಳುತ್ತಿತ್ತು. ಅನೇಕರು ಸಿಟ್ಟಾದದ್ದು ಸಹಜವೇ ಆಗಿತ್ತು.

‘ಎನ್‌ವಿಐ’ಯಲ್ಲಿ ಕಮಾಂಡ್ ಸಾಲನ್ನು ಸೂಚಿಸುವ ‘ಸಿ’ ಅಕ್ಷರವನ್ನು ಬಿಟ್ಟಿರುವುದು ಈ ತೊಂದರೆಗೆ ಸಿಕ್ಕ ಜಾಣ ಪರಿಹಾರ. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ನಲ್ಲಿ ಲಾಗ್ ಫೈಲ್ ತೆರೆದಿದ್ದೀರಿ, ಅದರ ಒಂದು ಸಾಲು ನಿಮ್ಮ ಲ್ಯಾಪ್‌ಟಾಪಿನ ಬ್ರೌಸರ್‌ಗೆ ಬೇಕಾಗಿದೆ ಎಂದುಕೊಳ್ಳಿ. ಮೌಸಿನಿಂದ ಎಳೆದರೆ ಬಣ್ಣವೇನೋ ಬರುತ್ತದೆ. ಆದರೆ ಅದು ಎಡಿಟರ್‌ನ ಆಯ್ಕೆಯಾದ್ದರಿಂದ ಕಾಪಿ ಮಾಡುವ ‘ವೈ’ ಕೀ ಒತ್ತಿದಾಗ ಪಠ್ಯ ಸರ್ವರ್‌ನಲ್ಲೇ ಉಳಿಯುತ್ತದೆ. ಆಗ ಒಂದು ಕೋಲನ್ ಒತ್ತಿ ಕಮಾಂಡ್ ಸಾಲಿಗೆ ಹೋಗಿ, ಎಳೆದು, ಕಾಪಿ ಮಾಡಿ, ಎಸ್ಕೇಪ್ ಒತ್ತಿದರೆ ಕೆಲಸ ಮುಗಿಯಿತು. ಗ್ನೋಮ್ ಟರ್ಮಿನಲ್‌ನಲ್ಲಿ ಶಿಫ್ಟ್ ಹಿಡಿದು, ಐಟರ್ಮ್2ರಲ್ಲಿ ಆಪ್ಷನ್ ಹಿಡಿದು ಎಳೆದರೂ ಇದೇ ಫಲ ಸಿಗುತ್ತದೆ. ಆದರೆ ಕೋಲನ್ ದಾರಿಗೆ ಯಾವ ಟರ್ಮಿನಲ್‌ನಲ್ಲಿ ಯಾವ ಕೀ ಎಂಬುದನ್ನು ನೆನಪಿಡಬೇಕಾಗಿಲ್ಲ. ಟರ್ಮಿನಲ್ ಮಾಡುವ ಆಯ್ಕೆಯಲ್ಲಿ ಸಾಲು ಸಂಖ್ಯೆಗಳೂ ಪಕ್ಕದ ವಿಂಡೋದ ಪಠ್ಯವೂ ಸೇರಿಕೊಳ್ಳುತ್ತವೆ ಎಂಬ ಎಚ್ಚರ ಬೇಕು. 2024ರ ನಿಯೊವಿಮ್ 0.10, ಟರ್ಮಿನಲ್ ಒಎಸ್‌ಸಿ 52 ಸಂಕೇತವನ್ನು ಬಲ್ಲದಾದರೆ, ದೂರದಿಂದಲೇ ನಮ್ಮ ಕ್ಲಿಪ್‌ಬೋರ್ಡಿಗೆ ಬರೆಯಬಲ್ಲದು. ಅಂಥ ಟರ್ಮಿನಲ್ ಇದ್ದವರಿಗೆ ಈ ಪರದಾಟ ಬಹಳಷ್ಟು ತಪ್ಪುತ್ತದೆ.

ಮೌಸಿನ ನಿಜವಾದ ಲಾಭ ತಿಳಿಯುವುದು ಬೇರೆಯವರು ಬರೆದ ಕೋಡನ್ನು ಓದುವಾಗ. ಚಕ್ರ ತಿರುಗಿಸಿದರೆ ಪಠ್ಯ ಮೂರು ಮೂರು ಸಾಲು ಸರಿಯುತ್ತದೆ. ಮೌಸ್ ಆಫ್ ಆಗಿದ್ದರೆ ಅನೇಕ ಟರ್ಮಿನಲ್‌ಗಳು ಅದೇ ಚಕ್ರವನ್ನು ಬಾಣದ ಕೀಗಳನ್ನಾಗಿ ಮಾಡಿ ಕಳಿಸುವುದರಿಂದ ಪುಟದ ಬದಲು ಕರ್ಸರ್ ಓಡುತ್ತದೆ. ಎರಡು ವಿಂಡೋಗಳ ನಡುವಿನ ಗೆರೆಯನ್ನು ಎಳೆದು ಜಾಗ ಹೊಂದಿಸುವ ಅನುಕೂಲವನ್ನು ಒಮ್ಮೆ ಕಂಡವರು ಬಿಡಲಾರರು.

ನನ್ನ ತಕರಾರು ಇರುವುದು ‘ಐ’ ಅಕ್ಷರದ ಮೇಲೆ. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿರುವಾಗ ಅಂಗೈ ಟಚ್‌ಪ್ಯಾಡಿಗೆ ತಾಗಿ ಅದು ಕ್ಲಿಕ್ ಎಂದು ದಾಖಲಾದರೆ, ಕರ್ಸರ್ ಹತ್ತು ಸಾಲು ಮೇಲೆ ಜಿಗಿದು, ಬರೆಯುತ್ತಿದ್ದ ವಾಕ್ಯದ ಉಳಿದರ್ಧ ಅಲ್ಲಿ ಬೀಳುತ್ತದೆ. ಆದ್ದರಿಂದ ನಾನು ಇದನ್ನು ‘ಎನ್‌ವಿ’ಗೆ ಇಳಿಸಿಕೊಂಡಿದ್ದೇನೆ. ಇನ್ಸರ್ಟ್ ಮೋಡ್‌ನಲ್ಲಿ ಟರ್ಮಿನಲ್‌ನ ಸ್ವಂತ ಪೇಸ್ಟ್ ಸಿಗುವುದು ಇದರ ಲಾಭ. ಆ ಮೋಡ್‌ನಲ್ಲಿ ಚಕ್ರ ಮತ್ತೆ ಬಾಣದ ಕೀಯಾಗುವುದು ನಷ್ಟ, ನನ್ನ ಮಟ್ಟಿಗೆ ಅದು ಸಣ್ಣದು.

ಮೌಸೇ ಬೇಡವೆನ್ನುವವರನ್ನು ತಂಡ ಮರೆತಿಲ್ಲ. ರೈಟ್ ಕ್ಲಿಕ್ ಮೆನುವಿನ ಕೆಳಗೆ ‘ಹೌ ಟು ಡಿಸೇಬಲ್ ಮೌಸ್’ ಎಂಬ ಸಾಲನ್ನು ಇಟ್ಟಿದ್ದಾರೆ. ತೊಂದರೆ ಎದುರಾದ ಜಾಗದಲ್ಲೇ ದಾರಿ ತೋರಿಸುವ ಈ ಕಾಳಜಿ ನನಗೆ ಬಹಳ ಹಿಡಿಸಿತು. ಟರ್ಮಿನಲ್‌ನ ಬೇರೆ ಎಡಿಟರ್‌ಗಳ ಪೈಕಿ ನ್ಯಾನೊ ಮೌಸನ್ನು ಆಫ್ ಮಾಡಿಯೇ ಬರುತ್ತದೆ. ಮೈಕ್ರೊದಲ್ಲಿ ಅದು ಚಾಲೂ ಇರುತ್ತದೆ. ಮೋಡ್‌ಗಳಿಲ್ಲದ ಅವೆರಡರಲ್ಲಿ ಇಂಥ ನಡುದಾರಿಗೆ ಅವಕಾಶ ಕಡಿಮೆ.

ಕನ್ನಡದಲ್ಲಿ ಬರೆಯುವವರು ಒಂದನ್ನು ಗಮನಿಸಬೇಕು. ಕ್ಲಿಕ್ ತಲುಪುವುದು ಕಾಲಂ ಸಂಖ್ಯೆಯಾಗಿ. ‘ಸ್ತ್ರೀ’ ಎಂಬ ಒಂದು ಅಕ್ಷರದೊಳಗೆ ಯೂನಿಕೋಡಿನ ಆರು ಸಂಕೇತಗಳಿವೆ, ಅದು ಎಷ್ಟು ಕಾಲಂ ಅಗಲ ಎಂಬ ವಿಷಯದಲ್ಲಿ ಎಡಿಟರ್ ಮತ್ತು ಟರ್ಮಿನಲ್ ಒಮ್ಮತಕ್ಕೆ ಬರದಿದ್ದರೆ ಕರ್ಸರ್ ಒಂದೆರಡು ಅಕ್ಷರ ಆಚೆ ಹೋಗಿ ನಿಲ್ಲುತ್ತದೆ. ಒತ್ತಕ್ಷರ ಹೆಚ್ಚಿರುವ ಸಾಲುಗಳಲ್ಲಿ ನಾನು ಮೌಸಿನಿಂದ ಸಾಲನ್ನಷ್ಟೇ ಹಿಡಿದು, ಪದವನ್ನು ಪದದಿಂದ ಪದಕ್ಕೆ ಸಾಗಿಸುವ ‘ಡಬ್ಲ್ಯೂ’ ಮತ್ತು ‘ಬಿ’ ಕೀಗಳಿಂದ ತಲುಪುತ್ತೇನೆ.